ಕಾಡೊಳಗೊಂದು ಸಾಮಿಲ್ಲು, ಅದರ ಸುತ್ತ ಪಾಲ್ಡಿ ಎಂಬ ಊರು

ಕೋಮಗಾಟ ಮಾರು ಹಡಗಿನ ಕಥೆ ನಮ್ಮಲ್ಲಿ ತುಂಬ ಜನಕ್ಕೆ ಗೊತ್ತು. 1914ರಲ್ಲಿ 376 ಜನರನ್ನು ಹೊತ್ತು ವ್ಯಾಂಕೂವರ್‌ಗೆ ಬಂದು, ಎರಡು ತಿಂಗಳು ನೀರಿನ ಮೇಲೇ ಕಾದು, ಇಪ್ಪತ್ತು ಚಿಲ್ಲರೆ ಜನರನ್ನಷ್ಟೇ ಇಳಿಸಿ ವಾಪಸಾದ ಹಡಗು. ಕೆನಡಾಕ್ಕೆ ಹೋದ ನಮ್ಮವರ ಚರಿತ್ರೆಯನ್ನು ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಅದಕ್ಕೂ ಮೊದಲೇ ಒಳಗೆ ಹೋಗಿ, ಸಾಮಿಲ್ಲುಗಳಲ್ಲಿ ಕೂಲಿ ಮಾಡಿ, ಕೊನೆಗೆ ತಾವೇ ಮಿಲ್ಲು ಕಟ್ಟಿದವರ ಹೆಸರನ್ನು ಯಾರೂ ಎತ್ತುವುದಿಲ್ಲ. ನನಗೆ ಇದು ಸಹಿಸಲಾಗದ ಮರೆವು.

ಮೇಯೋ ಸಿಂಗ್ ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಪಾಲ್ಡಿ ಹಳ್ಳಿಯವರು. 1906ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಬಂದರು. ಎರಡೇ ವರ್ಷಕ್ಕೆ, ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬ ಕಾನೂನು ಬಂತು. ಭಾರತದಿಂದ ಹಾಗೆ ನೇರವಾಗಿ ಬರುವ ದಾರಿಯೇ ಇರಲಿಲ್ಲ. ಬಾಗಿಲು ಮುಚ್ಚಿತು.

ಅವತ್ತಿನ ಮಿಲ್ಲುಗಳಲ್ಲಿ ಏಷ್ಯಾದವರಿಗೆ ಸಿಗುತ್ತಿದ್ದುದು ಮೈಮುರಿಯುವ ಕೆಲಸ, ಬಿಳಿಯರಿಗಿಂತ ಕಡಿಮೆ ಕೂಲಿ. ಗರಗಸದಿಂದ ಹೊರಬಿದ್ದ ಹಸಿ ಹಲಗೆಗಳು ಸರಪಳಿಯ ಮೇಲೆ ಸಾಲಾಗಿ ಬರುತ್ತವೆ. ಅದಕ್ಕೆ ಗ್ರೀನ್ ಚೈನ್ ಅನ್ನುತ್ತಾರೆ. ನೀರು ಕುಡಿದು ಭಾರವಾದ ಡಗ್ಲಸ್ ಫರ್ ಮರದ ಹಲಗೆಯನ್ನು ಎಳೆದು, ಅಳತೆ ನೋಡಿ ಆಯಾ ರಾಶಿಗೆ ಹಾಕುವಷ್ಟರಲ್ಲಿ ಮುಂದಿನದು ಎದುರಿಗೆ ಬಂದಿರುತ್ತದೆ. ಸರಪಳಿ ಯಾರಿಗೂ ಕಾಯುವುದಿಲ್ಲ. ಇಂಥ ಕೂಲಿಯಲ್ಲಿ ಉಳಿಸಿದ ದುಡ್ಡನ್ನು ಜೊತೆಗಾರರೆಲ್ಲ ಒಟ್ಟು ಹಾಕಿದರು. ಮೊದಲು ಫ್ರೇಸರ್ ಕಣಿವೆಯಲ್ಲಿ ಸಣ್ಣದೊಂದು ಮಿಲ್ಲು ನಡೆಸಿದರು. 1917ರಲ್ಲಿ ವ್ಯಾಂಕೂವರ್ ದ್ವೀಪದ ಡಂಕನ್ ಹತ್ತಿರದ ಕಾಡಿಗೆ ಬಂದು ಮೇಯೋ ಲಂಬರ್ ಕಂಪನಿಯ ಗರಗಸ ಹೂಡಿದರು. (ಆ ಕಾಡು ಮೂಲದಲ್ಲಿ ಕೌಯಿಚನ್ ಎಂಬ ಮೂಲನಿವಾಸಿ ಜನರದ್ದು. ಇದನ್ನು ಹೇಳದೆ ಮುಂದೆ ಹೋಗಬಾರದು.)

ಮಿಲ್ಲಿನ ಜೊತೆಗೇ ಊರು ಬೆಳೆಯಿತು. 1919ರಲ್ಲಿ ಗುರುದ್ವಾರ ಎದ್ದಿತು. ಪಂಜಾಬಿಗಳು, ಜಪಾನಿಯರು, ಚೀನೀಯರು, ಬಿಳಿಯರು ಒಂದೇ ಮಿಲ್ಲಿನಲ್ಲಿ ದುಡಿದರು, ಮಕ್ಕಳು ಒಂದೇ ಶಾಲೆಯಲ್ಲಿ ಕೂತು ಕಲಿತರು. ಊರಿಗೆ ಮೊದಲು ಮೇಯೋ ಅಂತಲೇ ಹೆಸರು. ಕೆನಡಾದ ಉತ್ತರದ ಯೂಕಾನ್‌ನಲ್ಲೂ ಒಂದು ಮೇಯೋ ಇದ್ದು ಟಪಾಲು ಅದಲು ಬದಲಾಗುತ್ತಿತ್ತೆಂದು 1936ರಲ್ಲಿ ಪಾಲ್ಡಿ ಎಂದು ಬದಲಾಯಿಸಿದರು. ಬಿಟ್ಟುಬಂದ ಹಳ್ಳಿಯ ಹೆಸರು ಕೆನಡಾದ ನಕ್ಷೆಗೆ ಏರಿತು. ಓದುವಾಗಲೆಲ್ಲ ನನ್ನ ಗಂಟಲು ಕಟ್ಟುವ ಜಾಗ ಇದು.

ಆದರೆ ಊರು ಸೌಹಾರ್ದದಿಂದಿತ್ತು ಎಂದು ಹೊಗಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಊರಿನೊಳಗೆ ಇದ್ದ ಸ್ನೇಹ ಸರ್ಕಾರಕ್ಕೆ ಬೇಕಿರಲಿಲ್ಲ. 1923ರ ಕಾನೂನಿನಿಂದಾಗಿ ಚೀನೀ ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಾಗಿರಲಿಲ್ಲ. ಜಪಾನ್ ಜೊತೆ ಯುದ್ಧ ಶುರುವಾಗಿ 1942ರಲ್ಲಿ ಕರಾವಳಿಯ ಜಪಾನಿಯರನ್ನೆಲ್ಲ ಒಕ್ಕಲೆಬ್ಬಿಸಿದಾಗ ಪಾಲ್ಡಿಯ ಮನೆಗಳೂ ಖಾಲಿಯಾದವು. ನಿನ್ನೆವರೆಗೆ ಪಕ್ಕದಲ್ಲಿ ನಿಂತು ಹಲಗೆ ಎಳೆದವನು ಇವತ್ತು ಶತ್ರುವಾಗಿದ್ದ.

ಈಗ ಅಲ್ಲಿ ಮಿಲ್ಲಿಲ್ಲ. ಮರದ ನಡುವೆ ಗುರುದ್ವಾರವೊಂದು ಉಳಿದಿದೆ.

ನನ್ನನ್ನು ಬಿಡದೆ ಕಾಡುವುದು ಇನ್ನೊಂದು ಲೆಕ್ಕ. 1907ರಲ್ಲಿ ಬ್ರಿಟಿಷ್ ಕೊಲಂಬಿಯಾ ಭಾರತೀಯರ ಮತದ ಹಕ್ಕು ಕಿತ್ತುಕೊಂಡಿತು, ತಿರುಗಿ ಕೊಟ್ಟಿದ್ದು 1947ರಲ್ಲಿ. ಊರಿಗೆ ಊರೇ ಕಟ್ಟಿ, ಸಾಲು ಸಾಲು ಕುಟುಂಬಗಳಿಗೆ ಸಂಬಳ ಕೊಟ್ಟ ಮೇಯೋ ಸಿಂಗ್, ಅಷ್ಟೂ ವರ್ಷ ಮತಗಟ್ಟೆಯ ಹೊರಗೇ ಇದ್ದರು. ಅವರು ತೀರಿಕೊಂಡದ್ದು 1955ರಲ್ಲಿ. ಸುಮಾರು ಐವತ್ತು ವರ್ಷ ಆ ನೆಲದಲ್ಲಿ ಬದುಕಿದವರಿಗೆ ಮತದಾರರಾಗಿ ಸಿಕ್ಕಿದ್ದು ಎಂಟು ವರ್ಷ.