ಜೋಗದ ಸೀಮೆಯವರ ಗೋಡೆಯಲ್ಲಿ ಜೋಗ ಯಾಕಿಲ್ಲ?

ಬೆಂಗಳೂರಿನಲ್ಲಿ ಅಕ್ಕನ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಅಮೆರಿಕದಿಂದ ಒಂದು ಚಿತ್ರ ಕಳಿಸಿದ್ದೆ. ಇಲ್ಲಿನ ಚಿತ್ರಕಾರ ಫ್ರೆಡರಿಕ್ ಚರ್ಚ್ 1857ರಲ್ಲಿ ಬರೆದ ನಯಾಗರ ಜಲಪಾತದ ಪ್ರಿಂಟ್. ಒಳ್ಳೆಯ ದಪ್ಪ ಕಾಗದ, ಬಣ್ಣ ಎಲ್ಲೂ ಹೆಚ್ಚುಕಡಿಮೆ ಇಲ್ಲ. ಹೋದ ತಿಂಗಳು ಅವರು ವಿಡಿಯೊ ಕಾಲ್‌ನಲ್ಲಿ ಮನೆ ತೋರಿಸಿದರು. ಹಾಲ್‌ನಲ್ಲಿ ಏಳು ಬಿಳಿ ಕುದುರೆಗಳು ಓಡುತ್ತಿದ್ದವು. ನಯಾಗರ ಎಲ್ಲಿ ಎಂದು ಕೇಳಿದೆ. ಭಾವ ಸ್ವಲ್ಪ ಸಂಕೋಚದಿಂದಲೇ ಹೇಳಿದರು: “ನೀರು ಕೆಳಗೆ ಬೀಳೋ ಚಿತ್ರ ಹಾಲ್‌ನಲ್ಲಿದ್ರೆ ಕೈಯಲ್ಲಿ ದುಡ್ಡು ನಿಲ್ಲಲ್ಲ ಅಂತ ವಾಸ್ತುವಿನವರು ಹೇಳಿದಾರೆ ಮಾರಾಯ. ಬೇಜಾರು ಮಾಡ್ಕೋಬೇಡ. ಬೀರು ಮೇಲೆ ಜೋಪಾನವಾಗಿಟ್ಟಿದೀವಿ.”

ಬೇಜಾರಾಯಿತು. ಅಕ್ಕನೂ ನಾನೂ ಸಾಗರದಲ್ಲಿ ಹುಟ್ಟಿ ಬೆಳೆದವರು. ಅಲ್ಲಿಂದ ಜೋಗಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಮಳೆಗಾಲದಲ್ಲಿ ಮನೆಗೆ ಬಂದ ನೆಂಟರನ್ನೆಲ್ಲ ಜೋಗಕ್ಕೆ ಕರೆದುಕೊಂಡು ಹೋಗುವುದೇ ನಮಗೆ ಕೆಲಸ. ರಾಜಾ, ರಾಣಿ, ರೋರರ್, ರಾಕೆಟ್ ಎಂದು ಬೆರಳು ಮಾಡಿ ತೋರಿಸಿದವಳು ಅಕ್ಕನೇ. ಅಂಥ ನೀರನ್ನು ಎದುರಿಗೆ ನೋಡಿ ಖುಷಿಪಟ್ಟವರು ಗೋಡೆಯ ಮೇಲೆ ಅದೇ ನೀರಿಗೆ ಹೆದರುವುದು ಯಾಕೋ ನನಗೆ ಸಹಿಸಲಿಲ್ಲ.

ನಾನಿರುವುದು ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ. ಹಡ್ಸನ್ ನದಿಯ ದಂಡೆಯ ಊರು. ಇಲ್ಲಿ ಹಳಬರ ಮನೆಗೆ ಹೋದರೆ ಸೋಫಾದ ಮೇಲೋ ಮೆಟ್ಟಿಲಿನ ಪಕ್ಕದಲ್ಲೋ ಒಂದು ನದಿ, ಒಂದು ಬೆಟ್ಟ ಕಾಣುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಕಾಯುವ ಕೋಣೆಯಲ್ಲೂ ಇದೆ. ಜಾಸ್ತಿ ಪಾಲು ಹಡ್ಸನ್ ರಿವರ್ ಸ್ಕೂಲ್ ಎಂದು ಹೆಸರಾದ ಚಿತ್ರಕಾರರವು, ಹತ್ತೊಂಬತ್ತನೇ ಶತಮಾನದವು.

ಪಕ್ಕದ ಮನೆಯಲ್ಲಿ ರಿಟೈರಾದ ಟೀಚರ್ ಒಬ್ಬರಿದ್ದಾರೆ. ಅವರ ಹಾಲ್‌ನಲ್ಲಿ ಥಾಮಸ್ ಕೋಲ್ 1836ರಲ್ಲಿ ಬರೆದ ‘ಆಕ್ಸ್‌ಬೋ’ ಇದೆ. ಎಡಕ್ಕೆ ಕಪ್ಪು ಮೋಡ, ಮಳೆ, ಮುರಿದ ಮರ, ಕಾಡು. ಬಲಕ್ಕೆ ಬಿಸಿಲು ಬಿದ್ದ ಹೊಲಗಳು, ನಡುವೆ ಹೆಚ್ಚುಕಡಿಮೆ ಪೂರಾ ಒಂದು ಸುತ್ತು ಹೊಡೆದು ಹರಿಯುವ ಕನೆಕ್ಟಿಕಟ್ ನದಿ. ಕೆಳಗೆ ಬಂಡೆಗಳ ಮಧ್ಯೆ ಕೋಲ್ ತನ್ನನ್ನೇ ಪುಟ್ಟದಾಗಿ ಬರೆದುಕೊಂಡಿದ್ದಾನೆ, ಚಿತ್ರ ಬರೆಯುತ್ತಾ ಹಿಂತಿರುಗಿ ನಮ್ಮ ಕಡೆ ನೋಡುತ್ತಿರುವ ಹಾಗೆ. ಆ ಅಜ್ಜಿಯ ತವರು ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಕಡೆ, ಅಂದರೆ ಚಿತ್ರದಲ್ಲಿರುವ ಜಾಗವೇ. ಮೊದಲ ಸಲ ಕಾಫಿಗೆ ಕರೆದಾಗ ನನ್ನನ್ನು ಚಿತ್ರದ ಮುಂದೆ ನಿಲ್ಲಿಸಿ, ಗಾಜಿನ ಮೇಲೆ ಬೆರಳಿಟ್ಟು, “ನಮ್ಮಪ್ಪನ ಹೊಲ ಇಲ್ಲಿ ಬರುತ್ತೆ” ಎಂದರು. ಗಾಜಿನಲ್ಲಿ ಅಲ್ಲೊಂದು ಮಸುಕು ಕಲೆಯೇ ಆಗಿದೆ. ಬಂದವರಿಗೆಲ್ಲ ಹಾಗೆ ತೋರಿಸಿ ತೋರಿಸಿ ಆದದ್ದು.

ನನಗೆ ಅದು ಬಹಳ ಇಷ್ಟವಾಯಿತು. ನಮ್ಮ ಮನೆಯ ಗೋಡೆಯಲ್ಲಿ ಯಾರಿದ್ದಾರೆ ಎಂದು ಯೋಚಿಸಿದೆ. ಬಾಗಿಲ ಮೇಲೆ ಮುಂದಕ್ಕೆ ಬಾಗಿದ ಹಾಗೆ ಲಕ್ಷ್ಮಿ, ವೆಂಕಟರಮಣ. ಗಂಧದ ಹಾರ ಹಾಕಿದ ಅಜ್ಜ, ಅಜ್ಜಿ, ಈಗ ಅಪ್ಪ. ಸೊಸೈಟಿಯ ಕ್ಯಾಲೆಂಡರ್. ನನ್ನ ಕಾನ್ವೊಕೇಶನ್ ಫೋಟೊ. ಊರು ಮಾತ್ರ ಇಲ್ಲ. ಪ್ರಕೃತಿ ಅಂತ ಏನಾದರೂ ಇದ್ದರೆ ಅದು ಸ್ವಿಟ್ಜರ್‌ಲ್ಯಾಂಡಿನದು: ನೀಲಿ ಕೆರೆ, ಹಿಮದ ಬೆಟ್ಟ, ಕೆಂಪು ಮಾಡಿನ ಮನೆ. ಸಾಗರದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಿಂದ ಹಿಡಿದು ಚಿಕ್ಕಪ್ಪನ ಮನೆಯ ಊಟದ ಹಾಲಿನವರೆಗೆ ಅದೇ ಚಿತ್ರ.

ಅಮೆರಿಕದಲ್ಲೂ ಇದು ತಾನಾಗಿಯೇ ಆದದ್ದಲ್ಲ. ಕೋಲ್ ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಹುಟ್ಟಿ ಹದಿಹರೆಯದಲ್ಲಿ ಇಲ್ಲಿಗೆ ಬಂದವನು. 1825ರಲ್ಲಿ ಹಡ್ಸನ್ ನದಿಯ ಮೇಲ್ಗಡೆ ಕ್ಯಾಟ್ಸ್‌ಕಿಲ್ ಬೆಟ್ಟಗಳಿಗೆ ಹೋಗಿ ಬಂದು ಬರೆದ ಚಿತ್ರಗಳು ನ್ಯೂಯಾರ್ಕ್ ನಗರದಲ್ಲಿ ಬೇಗ ಬಿಕರಿಯಾದವು. ಆಗ ಸಿರಿವಂತರು ಯುರೋಪಿನ ಹಾಳು ಕೋಟೆ, ಇಟಲಿಯ ಬಯಲು ಅಂತ ಆಸೆಪಡುತ್ತಿದ್ದ ಕಾಲ. ನಮ್ಮಲ್ಲೂ ನೋಡುವಂಥದ್ದಿದೆ ಎಂದು ಕೋಲ್ ತೋರಿಸಿದ. ಅವನು ಬರೆದ ಕಾಟರ್‌ಸ್ಕಿಲ್ ಜಲಪಾತ ಎರಡು ಹಂತ ಸೇರಿ ಸುಮಾರು 260 ಅಡಿ. ಜೋಗ 830 ಅಡಿ. ಅಂದರೆ ಜೋಗದ ಮೂರರಲ್ಲಿ ಒಂದು ಪಾಲೂ ಇಲ್ಲ. ಆದರೂ ಆ ಪುಟ್ಟ ಜಲಪಾತದ ಪ್ರಿಂಟು ಇಲ್ಲಿ ಎಷ್ಟೊಂದು ಮನೆಗಳಲ್ಲಿದೆ!

ಅವನ ಶಿಷ್ಯ ಚರ್ಚ್ ‘ಹಾರ್ಟ್ ಆಫ್ ದಿ ಆಂಡೀಸ್’ ಎಂಬ ಚಿತ್ರವನ್ನು 1859ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿಟ್ಟಾಗ ಮೂರು ವಾರದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ತಲಾ 25 ಸೆಂಟು ಕೊಟ್ಟು ನೋಡಿದರು. ಥಾಮಸ್ ಮೊರಾನ್ ಎಂಬ ಇನ್ನೊಬ್ಬ ಚಿತ್ರಕಾರ 1871ರ ಸರ್ವೆ ತಂಡದ ಜೊತೆ ಪಶ್ಚಿಮದ ಯೆಲ್ಲೋಸ್ಟೋನ್ ಸೀಮೆಗೆ ಹೋಗಿ ಬರೆದು ತಂದ ಬಣ್ಣದ ಚಿತ್ರಗಳನ್ನು ಸಂಸದರು ನೋಡಿದರು. ಮಾರನೇ ವರ್ಷದ ಮಾರ್ಚ್ 1ಕ್ಕೆ ಅದು ನ್ಯಾಷನಲ್ ಪಾರ್ಕ್ ಆಯಿತು. ಚಿತ್ರ ಒಂದರಿಂದಲೇ ಆಯಿತು ಎಂದು ಹೇಳಲ್ಲ, ಆದರೆ ಕಣ್ಣಾರೆ ಕಾಣದ ಜಾಗವನ್ನು ಉಳಿಸಿ ಎಂದರೆ ಯಾರಿಗೆ ಅರ್ಥವಾದೀತು?

ಇನ್ನೊಂದು ವಿಷಯ ನನ್ನನ್ನು ಸದಾ ಕಾಡುತ್ತದೆ. 1860ರ ದಶಕದಲ್ಲಿ ಬೋಸ್ಟನ್‌ನಲ್ಲಿ ಲೂಯಿ ಪ್ರ್ಯಾಂಗ್ ಎಂಬವರು ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚು ಇಟ್ಟು ಚಿತ್ರಗಳನ್ನು ಛಾಪಿಸಿ ಸಾಧಾರಣ ಜನರಿಗೆ ಮಾರಿದರು. ಆಲ್ಬರ್ಟ್ ಬೀರ್‌ಸ್ಟಾಟ್ ಎಂಬ ಚಿತ್ರಕಾರನ ಕ್ಯಾಲಿಫೋರ್ನಿಯದ ಸೂರ್ಯಾಸ್ತ ಹಾಗೆ ಮನೆಮನೆಗೆ ಬಂತು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಪ್ರೆಸ್ ಶುರು ಮಾಡಿದಾಗಲೂ ಅದೇ ಕಲ್ಲಚ್ಚಿನ ವಿದ್ಯೆ. ಅಮೆರಿಕದಲ್ಲಿ ಬಡವರ ಗೋಡೆಗೆ ಬೆಟ್ಟ ಬಂತು, ನಮ್ಮಲ್ಲಿ ಲಕ್ಷ್ಮಿ ಸರಸ್ವತಿ ಬಂದರು. ಬಂದದ್ದು ಒಳ್ಳೆಯದೇ. ಅವರ ಪಕ್ಕದಲ್ಲಿ ತುಂಗೆಗೂ ಶರಾವತಿಗೂ ಒಂದು ಮೊಳೆ ಹೊಡೆಯಬಹುದಿತ್ತಲ್ಲ!

ನಮ್ಮಲ್ಲಿ ಬರೆಯುವವರಿರಲಿಲ್ಲ ಎಂದು ಹೇಳಬೇಡಿ. ಮೈಸೂರಿನ ಆಸ್ಥಾನದಲ್ಲಿದ್ದ ಕೆ. ವೆಂಕಟಪ್ಪನವರು ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದಿದ್ದಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದರು. ಗುಲ್‌ಮೊಹರ್, ಜಕರಂಡ ತುಂಬಿದ ಆ ರಸ್ತೆಗಳಲ್ಲಿ ಎಷ್ಟೋ ಮರ ಈಗ ಇಲ್ಲ. ಬೆಂಗಳೂರಿನಲ್ಲಿ ನಾನು ಹೋದ ಯಾವ ಮನೆಯಲ್ಲೂ ರುಮಾಲೆಯವರ ಒಂದು ಪ್ರಿಂಟನ್ನೂ ಕಂಡಿಲ್ಲ. ಫಾಲ್ಸ್ ಸೀಲಿಂಗ್‌ಗೆ ಲಕ್ಷಗಟ್ಟಲೆ ಸುರಿದ ಮನೆಗಳು ಅವು.

ಇಲ್ಲಿನವರು ಚಿತ್ರ ಹಾಕುವ ಕ್ರಮವೂ ನನಗೆ ಹಿಡಿಸುತ್ತದೆ. ನಮ್ಮ ಹಾಗೆ ಸೂರಿನ ಹತ್ತಿರ ಅಲ್ಲ, ನಿಂತವರ ಕಣ್ಣಿನ ಮಟ್ಟಕ್ಕೆ. ಮ್ಯೂಸಿಯಮ್ಮುಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚಿಗೆ ಬರುವ ಹಾಗೆ ನೇತುಹಾಕುವ ರೂಢಿ ಇದೆ. ಮನೆಯಲ್ಲೂ ಅದೇ ಸರಿ. ಪ್ರಿಂಟು ಬೇಕೆಂದರೆ ಕಷ್ಟವೂ ಇಲ್ಲ. ಆಕ್ಸ್‌ಬೋ ಇರುವ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಇಂಥ ಹಳೆಯ ಚಿತ್ರಗಳ ದೊಡ್ಡ ಫೈಲುಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟಿದೆ. ಇಳಿಸಿಕೊಂಡು ನಿಮ್ಮೂರಿನ ಡಿಜಿಟಲ್ ಪ್ರಿಂಟಿಂಗ್ ಅಂಗಡಿಯಲ್ಲೇ ಹೊಳಪಿಲ್ಲದ ಕಾಗದದ ಮೇಲೆ ತೆಗೆಸಬಹುದು. ಒಂದೇ ಎಚ್ಚರ, ರೆಡಿಮೇಡ್ ಫ್ರೇಮಿಗಾಗಿ ಚಿತ್ರ ಕತ್ತರಿಸಬೇಡಿ. ಚರ್ಚ್‌ನ ನಯಾಗರದ ಅಗಲ ಎತ್ತರದ ಎರಡು ಪಟ್ಟಿಗೂ ಹೆಚ್ಚು. ಅದರಲ್ಲಿ ನೋಡುವವನ ಕಾಲಡಿ ನೆಲವೇ ಇಲ್ಲ, ನೀರಿನ ಅಂಚಿಗೇ ತಂದು ನಿಲ್ಲಿಸುತ್ತಾನೆ. ಎರಡೂ ಬದಿ ಕತ್ತರಿಸಿದ ಅಗ್ಗದ ಪ್ರಿಂಟಿನಲ್ಲಿ ಆ ಎದೆ ಝಲ್ಲೆನ್ನುವುದು ಹೊರಟೇ ಹೋಗುತ್ತದೆ.

ಆದರೆ ನನ್ನ ಹೊಟ್ಟೆಯುರಿಗೆ ನಿಜವಾದ ಕಾರಣ ಕೋಲ್‌ನ ಬೇರೆರಡು ಚಿತ್ರಗಳು. ಕ್ಯಾಟ್ಸ್‌ಕಿಲ್‌ನಲ್ಲಿ ಅವನ ಮನೆಯ ಹತ್ತಿರದ ಹೊಳೆ. 1837ರಲ್ಲಿ ಮುಗಿಸಿದ ಚಿತ್ರದಲ್ಲಿ ದೊಡ್ಡ ದೊಡ್ಡ ಮರಗಳ ನಡುವೆ ತಣ್ಣಗೆ ಹರಿಯುತ್ತದೆ. 1843ರ ಚಿತ್ರದಲ್ಲಿ ಅದೇ ಹೊಳೆ, ಅದೇ ಬೆಟ್ಟ, ಮುಂದಿನ ಮರಗಳೇ ಇಲ್ಲ. ಕೊಡಲಿ ಹಿಡಿದ ಒಬ್ಬ ನಿಂತಿದ್ದಾನೆ, ದೂರದಲ್ಲಿ ರೈಲು ಹೋಗುತ್ತಿದೆ. ಏನು ಹೋಯಿತು ಎಂದು ಇವತ್ತಿಗೂ ಯಾರು ಬೇಕಾದರೂ ನೋಡಬಹುದು.

ನನ್ನ ಅಮ್ಮನ ತವರು ಲಿಂಗನಮಕ್ಕಿಯ ಹಿನ್ನೀರಿನಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಮ್ಮ ಇನ್ನೂ ಹುಡುಗಿ. ಅಜ್ಜ ಅಲ್ಲಿಂದ ದೇವರ ಪೆಟ್ಟಿಗೆ, ಕಂಬ, ಬಾಗಿಲು, ತನ್ನ ಅಪ್ಪನ ಫೋಟೊ ಎಲ್ಲ ತಂದರು. ಊರಿನದೇ ಒಂದು ಚಿತ್ರ ಇಲ್ಲ. ಹೊಳೆ ಯಾವ ಕಡೆ ತಿರುಗುತ್ತಿತ್ತು, ತೋಟಕ್ಕೆ ಇಳಿಯುವ ದಾರಿಯಲ್ಲಿ ಯಾವ ಮರ ಇತ್ತು ಎಂದು ಅಮ್ಮ ಹೇಳುತ್ತಾರೆ, ದೊಡ್ಡಮ್ಮ ಬೇರೆ ಹೇಳುತ್ತಾರೆ, ಇಬ್ಬರಿಗೂ ಜಗಳವಾಗುತ್ತದೆ. ಬೆರಳಿಟ್ಟು ತೋರಿಸಲು ಒಂದು ಗೋಡೆ ಇಲ್ಲ.

ಅಮೆರಿಕದವರ ಚಿತ್ರಗಳಲ್ಲೂ ಮುಚ್ಚಿಟ್ಟದ್ದಿದೆ, ಒಪ್ಪಲೇಬೇಕು. ಬೀರ್‌ಸ್ಟಾಟ್ 1863ರಲ್ಲಿ ಬರೆದ ರಾಕಿ ಪರ್ವತದ ಚಿತ್ರದ ಮುಂಭಾಗದಲ್ಲಿ ಶೋಶೋನಿ ಜನರ ಬಿಡಾರ ಇದೆ. ಆದರೆ ಇಂಥ ಎಷ್ಟೋ ಚಿತ್ರಗಳಲ್ಲಿ ನೆಲ ಯಾರದೂ ಅಲ್ಲದ ಹಾಗೆ ಖಾಲಿ ಬಿದ್ದಿರುತ್ತದೆ. ಯೆಲ್ಲೋಸ್ಟೋನ್ ಪಾರ್ಕ್ ಆದ ಮೇಲೆ ಅಲ್ಲಿನ ಮೂಲನಿವಾಸಿಗಳನ್ನು ಹೊರಗೆ ಹಾಕಿದರು. ಊರು ಬಿಟ್ಟವರ ಸಂಕಟ ಮನೆಯಲ್ಲೇ ಕೇಳಿ ಬೆಳೆದ ನನಗೆ ಅದು ಸಣ್ಣ ವಿಷಯವಲ್ಲ. ಇನ್ನೂ ಒಂದು ಮಾತು. ಪಕ್ಕದ ಮನೆ ಅಜ್ಜಿಯ ಅಪ್ಪ ಅಮ್ಮನ ಫೋಟೊ ಡ್ರಾಯರಿನೊಳಗಿನ ಆಲ್ಬಮ್ಮಿನಲ್ಲಿದೆ. ನಮ್ಮ ಮನೆಯಲ್ಲಿ ಅಮ್ಮ ದಿನಾ ಬೆಳಿಗ್ಗೆ ಸ್ಟೂಲ್ ಹತ್ತಿ ಅಪ್ಪನ ಫೋಟೊ ಒರೆಸಿ ಹೂವಿಡುತ್ತಾರೆ. ಅಷ್ಟು ಹತ್ತಿರದಿಂದ, ಅಷ್ಟು ದಿನ, ಆಕ್ಸ್‌ಬೋವನ್ನು ಯಾರೂ ನೋಡಿರಲಿಕ್ಕಿಲ್ಲ. ಹಾಗಾಗಿ ಅಪ್ಪನನ್ನು ಇಳಿಸಿ ನದಿಯನ್ನು ಹಾಕಿ ಎಂದು ನಾನು ಹೇಳುತ್ತಿಲ್ಲ. ಕುದುರೆಗಳನ್ನು ಇಳಿಸಿ ಎನ್ನುತ್ತೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಚಿತ್ರ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೆಲಸವಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಮ್ಮ ಮತ್ತು ದೊಡ್ಡಮ್ಮನ ಜೊತೆ ದಂಡೆಗೆ ಹೋಗಿ, ಅವರು ಹೇಳಿದ್ದನ್ನು ಕೇಳಿ, ಆ ಕಣಿವೆಯನ್ನು ಬರೆದುಕೊಡಬೇಕು. ಅಳತೆ ಮೂರಡಿಗೆ ಎರಡಡಿ. ಜಗಳ ಬಂದಲ್ಲಿ ದೊಡ್ಡಮ್ಮನ ಮಾತು ಇರಲಿ, ಅವರು ಹಿರಿಯರು. ದುಡ್ಡಿನ ಮಾತು ನೀವೇ ಹೇಳಿ, ಮುಂಗಡ ಕೊಡುತ್ತೇನೆ.