ಎರಡನೇ ಪ್ರಶ್ನೆ ಎಲ್ಲಿ ಹೋಯಿತು ಸ್ವಾಮಿ?

ವಿಧಾನ ಪರಿಷತ್ತಿನ ಕಲಾಪದ ವಿಡಿಯೊ ನೋಡಿ ಈಗಷ್ಟೇ ಫೋನ್ ಕೆಳಗಿಟ್ಟೆ. ತಲೆ ಬಿಸಿಯಾಗಿದೆ. ಬರೆಯದಿದ್ದರೆ ನಿದ್ದೆ ಬರಲ್ಲ.

ನನಗೆ ಈ ಚಟ ಇರುವುದು ನಿಮಗೆಲ್ಲ ಗೊತ್ತು. ಜನ ಕ್ರಿಕೆಟ್ ನೋಡುತ್ತಾರೆ, ಸೀರಿಯಲ್ ನೋಡುತ್ತಾರೆ, ನಾನು ಪ್ರಶ್ನೋತ್ತರ ಅವಧಿ ನೋಡುತ್ತೇನೆ. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇಂಥ ಕಾಯಿಲೆ ಬರುವುದು ಸಹಜ ಅಂತ ಮನೆಯವರು ಬಿಟ್ಟುಬಿಟ್ಟಿದ್ದಾರೆ. ಆದರೆ ಇವತ್ತು ಬಂದದ್ದು ನಮ್ಮದೇ ವಿಷಯ. ಅನುದಾನಿತ ಪ್ರೌಢಶಾಲೆಗಳಲ್ಲಿ ನಿವೃತ್ತಿ, ನಿಧನ, ರಾಜೀನಾಮೆಯಿಂದ ತೆರವಾದ ಹುದ್ದೆಗಳನ್ನು ಯಾವಾಗ ತುಂಬುತ್ತೀರಿ ಅನ್ನುವ ಪ್ರಶ್ನೆ. ನಮ್ಮ ಶಾಲೆಯಲ್ಲಿ ಗಣಿತದ ಮೇಷ್ಟ್ರು ನಿವೃತ್ತರಾದ ಮೇಲೆ ಆ ಕುರ್ಚಿಯಲ್ಲಿ ಯಾರೂ ಕೂತಿಲ್ಲ ಅಂತ ಇಲ್ಲಿ ಎಷ್ಟು ಸಲ ಗೋಳಾಡಿದ್ದೇನೆ. ಹಾಗಾಗಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತೆ.

ಸಭಾಪತಿಗಳು ಸದಸ್ಯರ ಹೆಸರು ಕರೆದರು. ಸದಸ್ಯರು ಎದ್ದು ಉತ್ತರ ಕೇಳಿದರು. ಸಚಿವರು 'ಉತ್ತರ ಒದಗಿಸಿದ್ದೇನೆ' ಅಂದರು. ಉತ್ತರದಲ್ಲಿ ಏನಿತ್ತು? ಆರ್ಥಿಕ ಇಲಾಖೆಯ ಸಹಮತಿ ಪಡೆದು ಹಂತ ಹಂತವಾಗಿ ಕ್ರಮ ವಹಿಸಲಾಗುವುದು. ಅಷ್ಟೇ. ಸರಿ, ಇಂಥ ಉತ್ತರ ಎಲ್ಲರಿಗೂ ಗೊತ್ತಿರುವುದೇ. ನಿಜವಾದ ಆಟ ಶುರುವಾಗಬೇಕಾದದ್ದು ಇಲ್ಲಿಂದ. ಈಗ ಉಪಪ್ರಶ್ನೆ, ಅಂದರೆ ಆ ಉತ್ತರದ ಮೇಲೆ ಕೇಳುವ ಎರಡನೇ ಪ್ರಶ್ನೆ, ಬರಬೇಕು.

ಬಂದದ್ದು ಭಾಷಣ. ಗುರುವೇ ಬ್ರಹ್ಮ, ಗುರುವೇ ವಿಷ್ಣು. ಶಿಕ್ಷಕರು ರಾಷ್ಟ್ರ ನಿರ್ಮಾಪಕರು. ತಾವು ಕಲಿತ ಶಾಲೆ, ತಮಗೆ ಕಲಿಸಿದ ಮೇಷ್ಟ್ರು, ಆ ಕಾಲದ ಶಿಸ್ತು. ಕೊನೆಗೆ, 'ಸಚಿವರು ದಯಮಾಡಿ ಗಮನ ಹರಿಸಬೇಕು.' ಸಚಿವರು ನಗುತ್ತಾ ಎದ್ದು 'ಖಂಡಿತ ಗಮನ ಹರಿಸುತ್ತೇವೆ' ಅಂದರು. ಸದಸ್ಯರು 'ಧನ್ಯವಾದ' ಅಂದರು. ಮುಂದಿನ ಪ್ರಶ್ನೆ.

ಧನ್ಯವಾದ ಯಾಕೆ? ಯಾವ ಪುಣ್ಯಕ್ಕೆ?

ಕೇಳಬೇಕಾದದ್ದು ಒಂದೇ ಸಾಲು. ಆರ್ಥಿಕ ಇಲಾಖೆಗೆ ಕಡತ ಯಾವ ತಾರೀಖು ಹೋಯಿತು, ವಾಪಸ್ ಬಂತಾ, ಬಂದಿದ್ದರೆ ಅದರ ಮೇಲೆ ಏನು ಬರೆದಿದ್ದಾರೆ? ಹಾಗೆ ಕೇಳಿದ್ದರೆ ಸಚಿವರು ನಗುತ್ತಿರಲಿಲ್ಲ. ಅಧಿಕಾರಿಗಳ ಗ್ಯಾಲರಿ ಕಡೆ ತಿರುಗುತ್ತಿದ್ದರು. ಅಲ್ಲಿಂದ ಒಂದು ಚೀಟಿ ಬರುತ್ತಿತ್ತು. ಚೀಟಿಯಲ್ಲಿ ತಾರೀಖು ಇದ್ದರೆ ನಮಗೆ ಒಂದು ವಿಷಯ ತಿಳಿಯುತ್ತಿತ್ತು. ಇಲ್ಲದಿದ್ದರೆ ಕಡತವೇ ಹೋಗಿಲ್ಲ ಅನ್ನುವ ಇನ್ನೂ ದೊಡ್ಡ ವಿಷಯ ತಿಳಿಯುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂತ ಒಂದು, ಚುಕ್ಕೆ ಇಲ್ಲದ್ದು ಇನ್ನೊಂದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ, ಕಥೆ ಮುಗಿಯಿತು. ಚುಕ್ಕೆ ಇದ್ದರೆ ಸಚಿವರು ಸದನದಲ್ಲಿ ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಆ ಚುಕ್ಕೆಗೆ ಬೆಲೆ ಇರುವುದೇ ಈ ಉಪಪ್ರಶ್ನೆಯಿಂದ. ಅದನ್ನು ಕೇಳುವುದಿಲ್ಲ ಅಂದಮೇಲೆ ಬೆಂಗಳೂರಿಗೋ ಬೆಳಗಾವಿಗೋ ಬಂದು ಕೂರುವುದೇಕೆ? ಉತ್ತರದ ಪ್ರತಿ ಹೇಗೂ ಕೈಗೆ ಸಿಗುತ್ತದೆ, ಮನೆಯಲ್ಲೇ ಓದಿಕೊಳ್ಳಬಹುದಲ್ವಾ?

ನಾನು ಕ್ಲಾಸಿನಲ್ಲಿ ನೋಡುವುದೂ ಇದನ್ನೇ. ಹುಡುಗ ಗೈಡ್ ನೋಡಿ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾನೆ. ಮೊದಲ ಪ್ರಶ್ನೆಗೆ ಪಟಪಟ ಉತ್ತರ. 'ಯಾಕಪ್ಪಾ?' ಅಂತ ಇನ್ನೊಂದು ಕೇಳಿ ನೋಡಿ. ಸೀಲಿಂಗ್ ನೋಡಲು ಶುರು ಮಾಡುತ್ತಾನೆ. ಇಲಾಖೆಗಳು ಬರೆದುಕೊಡುವ ಉತ್ತರಗಳೂ ಗೈಡಿನವೇ. 'ಪರಿಶೀಲನೆಯಲ್ಲಿದೆ', 'ಪ್ರಸ್ತಾವನೆ ಇರುವುದಿಲ್ಲ', 'ಅನುದಾನದ ಲಭ್ಯತೆಗೆ ಅನುಗುಣವಾಗಿ', 'ವಿವರ ಅನುಬಂಧದಲ್ಲಿದೆ'. ಆ ಅನುಬಂಧ ತೆಗೆದು ನೋಡಿದರೆ ಜಿಲ್ಲಾವಾರು ಪಟ್ಟಿ ಇರುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಇನ್ನೂ ಸಿಟ್ಟು ಬರುವುದು ಯಾಕೆ ಗೊತ್ತಾ? ಪರಿಷತ್ತು ಅನ್ನುವ ಈ ಮೇಲ್ಮನೆಗೆ ಬೇರೆ ಆಯುಧವೇ ಇಲ್ಲ. ಹತ್ತನೇ ಕ್ಲಾಸಿನ ಮಕ್ಕಳಿಗೂ ಹೇಳುತ್ತೇನೆ. ಸರ್ಕಾರವನ್ನು ಬೀಳಿಸುವ ಶಕ್ತಿ ಮೇಲ್ಮನೆಗಿಲ್ಲ. ಮಂತ್ರಿಮಂಡಲ ಒಟ್ಟಾಗಿ ಹೊಣೆಯಾಗಿರುವುದು ವಿಧಾನಸಭೆಗೆ ಮಾತ್ರ. ಹಣಕಾಸು ಮಸೂದೆ ಬಂದರೆ 14 ದಿನ ಇಟ್ಟುಕೊಳ್ಳಬಹುದು, ಅದಾದ ಮೇಲೆ ಇವರು ಒಪ್ಪಿದರೂ ಒಂದೇ ಬಿಟ್ಟರೂ ಒಂದೇ. ಬೇರೆ ಮಸೂದೆಯಾದರೆ ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಪಾಸ್ ಮಾಡಿ ಕಳಿಸಿದರೆ ಒಂದು ತಿಂಗಳು. ಅಲ್ಲಿಗೆ ಮುಗಿಯಿತು. ಸಂಸತ್ತಿನಲ್ಲಾದರೆ ಎರಡೂ ಸದನಗಳಿಗೆ ಜಗಳ ಬಂದಾಗ ಜಂಟಿ ಅಧಿವೇಶನ ಅಂತ ಒಂದು ದಾರಿಯಾದರೂ ಇದೆ. ರಾಜ್ಯದಲ್ಲಿ ಅದೂ ಇಲ್ಲ.

'ಮೇಷ್ಟ್ರೇ, ಮಸೂದೆಗಳನ್ನು ತಡೆದದ್ದು ಮರೆತಿರಾ?' ಅಂತ ಕಮೆಂಟ್ ಹಾಕುವವರು ಇದ್ದೀರಿ. ಮರೆತಿಲ್ಲ. 2024ರ ಫೆಬ್ರವರಿಯಲ್ಲಿ ಮುಜರಾಯಿ ದೇವಸ್ಥಾನಗಳ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಧ್ವನಿಮತದಲ್ಲಿ ಬಿದ್ದುಹೋಯಿತು. ವಿಧಾನಸಭೆ ಅದೇ ತಿಂಗಳು ಮತ್ತೆ ಪಾಸ್ ಮಾಡಿತು. ಮತಾಂತರ ತಡೆ ಮಸೂದೆ 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ವಿಧಾನಸಭೆ ದಾಟಿತು. ಪರಿಷತ್ತಿನಲ್ಲಿ ಆಗ ಆಡಳಿತ ಪಕ್ಷಕ್ಕೆ ಬಹುಮತ ಇರಲಿಲ್ಲ, ಮಸೂದೆ ನಿಂತಿತು. ಸರ್ಕಾರ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದಿತು. ಸೆಪ್ಟೆಂಬರ್ ಹೊತ್ತಿಗೆ ಪರಿಷತ್ತೂ ಒಪ್ಪಿತು. ಆ ಕಾನೂನುಗಳು ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ, ಪ್ಲೀಸ್. ನಾನು ಹೇಳುತ್ತಿರುವುದು ಇಷ್ಟೇ. ತಡೆಯುವುದು ತಲೆ ಎಣಿಕೆಯ ಆಟ. ಸಂಖ್ಯೆ ಬದಲಾದ ದಿನ ಅದು ಮುಗಿಯುತ್ತದೆ. ಪ್ರಶ್ನೆ ಕೇಳುವುದಕ್ಕೆ ಬಹುಮತ ಬೇಕಿಲ್ಲ. ಒಬ್ಬನೇ ಸದಸ್ಯ ಸಾಕು, ಅವನು ಓದಿಕೊಂಡು ಬಂದಿರಬೇಕು.

ಅದೇ ಇಲ್ಲ.

ಪ್ರಶ್ನೆ ಕೇಳಿದವರೇ ಇರುವುದಿಲ್ಲ ಅನ್ನುವುದು ಇನ್ನೊಂದು ಚೋದ್ಯ. ಹೆಸರು ಕರೆದರೆ ಉತ್ತರವಿಲ್ಲ. ಅವರ ಪರವಾಗಿ ಪಕ್ಕದವರು ಏಳುತ್ತಾರೆ. ಪಾಪ, ಅವರಿಗೆ ವಿಷಯವೇ ಗೊತ್ತಿರುವುದಿಲ್ಲ. ಇದು ನಮ್ಮಲ್ಲಿ ಮಾತ್ರ ಅಂತಲೂ ಅಲ್ಲ. 2009ರ ನವೆಂಬರ್‌ನಲ್ಲಿ ಒಂದು ದಿನ ಲೋಕಸಭೆಯಲ್ಲಿ ಪ್ರಶ್ನೆ ಕೊಟ್ಟವರು ಸಾಲು ಸಾಲಾಗಿ ಗೈರಾಗಿ ಪ್ರಶ್ನೋತ್ತರವೇ ಕುಸಿದುಬಿದ್ದಿತ್ತು. ರಾಜ್ಯಸಭೆಯಲ್ಲಿ 2014ರಲ್ಲಿ ಪ್ರಶ್ನೋತ್ತರವನ್ನು ಬೆಳಿಗ್ಗೆ 11ರಿಂದ ಮಧ್ಯಾಹ್ನ 12ಕ್ಕೆ ತಳ್ಳಿದರು. ಬೆಳಿಗ್ಗೆ ಎದ್ದ ಕೂಡಲೇ ಗಲಾಟೆ, ಪ್ರಶ್ನೆಗೆ ಸಮಯವೇ ಉಳಿಯುತ್ತಿರಲಿಲ್ಲ ಅಂತ. ಗಲಾಟೆ ಮಾಡುವವರಿಗೆ 12 ಗಂಟೆಯೂ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಗಲಾಟೆ ಅಂದಮೇಲೆ ಒಂದು ನಿಜ ಹೇಳಿಬಿಡುತ್ತೇನೆ. ಧರಣಿ, ಘೋಷಣೆ, ಪೀಠದ ಮುಂದಿನ ಬಾವಿಗಿಳಿಯುವುದು ಇದೆಲ್ಲ ನಡೆದ ದಿನ ನಾನು ವಿಡಿಯೊ ಹಿಂದಕ್ಕೆ ಎಳೆದು ಎರಡು ಸಲ ನೋಡುತ್ತೇನೆ. ಮಜಾ ಬರುತ್ತದೆ. ನೀವೂ ಹಾಗೇ, ಸುಮ್ನೆ ಇಲ್ಲ ಅನ್ನಬೇಡಿ. 2020ರ ಡಿಸೆಂಬರ್ 15ರಂದು ಉಪಸಭಾಪತಿಯವರನ್ನು ಪೀಠದಿಂದ ಎಳೆದ ದೃಶ್ಯ ದೇಶವೆಲ್ಲ ನೋಡಿತು. ಅದೇ ಅಧಿವೇಶನದಲ್ಲಿ ಯಾವ ಉಪಪ್ರಶ್ನೆಗೆ ಯಾವ ಸಚಿವರು ತಡವರಿಸಿದರು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಟಿವಿಯವರಿಗೂ ಬೇಕಿಲ್ಲ. ಸದಸ್ಯರು ಲೆಕ್ಕ ಹಾಕುವುದರಲ್ಲಿ ಜಾಣರು, ಯಾವುದು ಸಂಜೆ ಸುದ್ದಿಯಲ್ಲಿ ಬರುತ್ತದೋ ಅದನ್ನೇ ಮಾಡುತ್ತಾರೆ.

'ವಿರೋಧ ಪಕ್ಷಕ್ಕೆ ಧರಣಿ ಬಿಟ್ಟು ಬೇರೆ ದಾರಿ ಏನಿದೆ?' ಅನ್ನುವ ವಾದವೂ ಇದೆ. ಒಪ್ಪೋಣ, ಸ್ವಲ್ಪ. ಸರ್ಕಾರ ಯಾವ ಚರ್ಚೆಗೂ ಬಗ್ಗದಿದ್ದಾಗ ಕೂಗಾಡಬೇಕಾಗುತ್ತದೆ. ಆದರೆ ಧರಣಿಯಿಂದ ಹೆಚ್ಚು ಲಾಭ ಯಾರಿಗೆ ಅಂತ ಯೋಚಿಸಿ. ಉತ್ತರ ಕೊಡಬೇಕಾದ ಸಚಿವರಿಗೆ! ಸಭಾಪತಿಗಳು ಸದನ ಮುಂದೂಡುತ್ತಾರೆ. ಬಾಕಿ ಪ್ರಶ್ನೆಗಳ ಉತ್ತರ ಲಿಖಿತವಾಗಿ ಮಂಡನೆಯಾಗುತ್ತದೆ. ಓದಿಕೊಂಡು ಬರದ ಮಂತ್ರಿ ಅವತ್ತು ಪಾಸ್. ಇಂಥ ವಿರೋಧ ಪಕ್ಷ ಸಿಕ್ಕಿದರೆ ಮಂತ್ರಿಯಾಗಲು ನಾನೂ ರೆಡಿ.

ಒಂದು ಉಪಪ್ರಶ್ನೆಯಿಂದ ಏನಾಗಿಬಿಡುತ್ತದೆ ಅಂತೀರಾ? ಆಗುತ್ತದೆ. ಸಚಿವರು ಸದನದಲ್ಲಿ ನಿಂತು 'ಮಾಡುತ್ತೇವೆ' ಅಂದರೆ ಅದು ಭರವಸೆ. ಅದರ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ. ಅಧಿಕಾರಿಗಳನ್ನು ಕರೆಸಿ ಏನಾಯಿತು ಅಂತ ಕೇಳುತ್ತದೆ. 'ಗಮನ ಹರಿಸುತ್ತೇವೆ' ಅಂದರೆ ಹಿಡಿಯಲು ಬಾಲವೂ ಇಲ್ಲ, ಕೊಂಬೂ ಇಲ್ಲ. ಉತ್ತರ ಸಾಲದು ಅನ್ನಿಸಿದರೆ ಅರ್ಧ ಗಂಟೆ ಚರ್ಚೆ ಕೇಳಬಹುದು. ಪರಿಷತ್ತಿನ ನಿಯಮ 72ರಲ್ಲಿ ಗಮನ ಸೆಳೆಯುವ ಸೂಚನೆ ಕೊಡಬಹುದು. ನಿಯಮ 330ರಲ್ಲಿ ವಿಷಯ ಎತ್ತಬಹುದು. ದಾರಿಗಳಿಗೇನು ಕೊರತೆ? ನಡೆಯಲು ಕಾಲು ಬೇಕು.

ಮಾಡುವವರು ಇಲ್ಲವೇ ಇಲ್ಲ ಅಂದರೆ ಅನ್ಯಾಯವಾಗುತ್ತದೆ. ಕೆಲವರು ಇದ್ದಾರೆ. ಹಳೇ ಆದೇಶದ ಪ್ರತಿ ಕೈಯಲ್ಲಿ ಹಿಡಿದುಕೊಂಡೇ ಏಳುತ್ತಾರೆ. ದನಿ ಏರಿಸುವುದಿಲ್ಲ. 'ಕಳೆದ ಅಧಿವೇಶನದಲ್ಲಿ ತಾವು ಹೀಗೆ ಹೇಳಿದ್ದೀರಿ, ಈಗ ಹೀಗೆ ಹೇಳುತ್ತಿದ್ದೀರಿ, ಯಾವುದು ಸರಿ?' ಅಷ್ಟೇ. ಸದನ ಗಪ್‌ಚಿಪ್. ಅಂಥ ಐದು ನಿಮಿಷಕ್ಕಾಗಿ ನಾನು ಮೂರು ಗಂಟೆ ಭಾಷಣ ಸಹಿಸಿಕೊಳ್ಳುತ್ತೇನೆ.

ಉಳಿದವರು? ಒಟ್ಟು 75 ಜನ. 25 ಜನರನ್ನು ಶಾಸಕರು ಆರಿಸುತ್ತಾರೆ, 25 ಜನರನ್ನು ಸ್ಥಳೀಯ ಸಂಸ್ಥೆಗಳವರು. 11 ಜನ ನಾಮನಿರ್ದೇಶಿತರು. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜ ಸೇವೆ ಬಲ್ಲವರು ಬರಲಿ ಅಂತ ಸಂವಿಧಾನ ಕೊಟ್ಟ ಜಾಗ ಅದು. ಅದರಲ್ಲಿ 'ಸಮಾಜ ಸೇವೆ' ಎಷ್ಟು ಅಗಲದ ಬಾಗಿಲು ಅಂದರೆ, ಟಿಕೆಟ್ ಸಿಗದವರೆಲ್ಲ ಸಲೀಸಾಗಿ ನುಗ್ಗಬಹುದು. ಇದಕ್ಕೆ ನಾವು ಚಿಂತಕರ ಚಾವಡಿ ಅನ್ನುತ್ತೇವೆ. ಚಿಂತೆ ನಮಗೆ, ಚಾವಡಿ ಅವರಿಗೆ.

ಅವರನ್ನು ಬಿಡಿ. ನನ್ನ ಜಗಳ ಪದವೀಧರರ ಏಳು ಮತ್ತು ಶಿಕ್ಷಕರ ಏಳು ಕ್ಷೇತ್ರಗಳಿಂದ ಬಂದವರ ಜೊತೆ. ಅವರನ್ನು ಕಳಿಸಿದ್ದು ನಾವು. ಪದವೀಧರರಾದರೆ ಪ್ರತಿ ಚುನಾವಣೆಗೂ ನಮೂನೆ 18, ಶಿಕ್ಷಕರಾದರೆ ನಮೂನೆ 19. ಹಳೇ ಪಟ್ಟಿಯಲ್ಲಿ ಹೆಸರಿದ್ದರೂ ಹೊಸದಾಗಿ ತುಂಬಬೇಕು. ಸಾಲಿನಲ್ಲಿ ನಿಂತು, ಅವರೇ ಕೊಟ್ಟ ನೇರಳೆ ಪೆನ್ನಿನಲ್ಲಿ 1, 2, 3 ಅಂತ ಪ್ರಾಶಸ್ತ್ಯ ಬರೆದು ಬರುತ್ತೇವೆ. ಬರೆಯುವಾಗ ಕೈ ನಡುಗಿ ಅಂಕಿ ಕೆಟ್ಟರೆ ಮತ ಕುಲಗೆಟ್ಟಿತು ಅನ್ನುವ ಭಯ ಬೇರೆ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಈ ಮತವೇ ಇಲ್ಲ, ಪ್ರೌಢಶಾಲೆ ಮತ್ತು ಮೇಲಿನವರಿಗೆ ಮಾತ್ರ. ಇಷ್ಟು ಜರಡಿ ಹಿಡಿದು ಆರಿಸಿದ ಪ್ರತಿನಿಧಿ ನಮ್ಮದೇ ಹುದ್ದೆಯ ಪ್ರಶ್ನೆಗೆ ಧನ್ಯವಾದ ಹೇಳಿ ಕೂರುತ್ತಾರೆ!

ಮೇಷ್ಟ್ರುಗಳಿಗೆ ಸದನದ ಪಟ್ಟು ತಿಳಿಯಲ್ಲ ಅನ್ನಬೇಡಿ. ಬಸವರಾಜ ಹೊರಟ್ಟಿಯವರು 1980ರಿಂದ ಶಿಕ್ಷಕರ ಕ್ಷೇತ್ರದಲ್ಲಿ ಎಂಟು ಸಲ ಗೆದ್ದು ಸಭಾಪತಿ ಪೀಠದವರೆಗೆ ಹೋದವರು. ಕಲಿಯಬೇಕು ಅಂದರೆ ಕಲಿಯಬಹುದು. ಆರು ವರ್ಷದ ಅವಧಿ ಇದೆ, ನಡುವೆ ವಿಸರ್ಜನೆಯ ಭಯವೂ ಇಲ್ಲ.

'ಹಾಗಾದರೆ ಪರಿಷತ್ತನ್ನೇ ಮುಚ್ಚಿಬಿಡಿ' ಅನ್ನುವ ಗೆಳೆಯರೇ, ನಿಮ್ಮ ಜೊತೆ ನನಗೆ ವಾದ ಬೇಡ. ಈಗ ಆರು ರಾಜ್ಯಗಳಲ್ಲಿ ಮಾತ್ರ ಇದೆ, ತಮಿಳುನಾಡು 1986ರಲ್ಲೇ ಕೈಬಿಟ್ಟಿತು, ಎಲ್ಲ ಗೊತ್ತು. ಆಂಧ್ರದವರ ಕಥೆಯೂ ನೋಡಿ. 1985ರಲ್ಲಿ ಮುಚ್ಚಿದರು, 2007ರಲ್ಲಿ ತೆರೆದರು, 2020ರಲ್ಲಿ ಮತ್ತೆ ಮುಚ್ಚುತ್ತೇವೆ ಅಂತ ನಿರ್ಣಯ ಮಾಡಿದರು, 2021ರಲ್ಲಿ ಬೇಡ ಅಂತ ವಾಪಸ್ ತೆಗೆದುಕೊಂಡರು. ಸಂಖ್ಯೆ ಕೂಡಿಬಂದಾಗ ಎಲ್ಲರಿಗೂ ಮೇಲ್ಮನೆ ಚೆನ್ನ. ಮುಚ್ಚಿದರೆ ನಮ್ಮ ಗಣಿತದ ಕುರ್ಚಿ ತುಂಬುತ್ತದಾ? ಇಲ್ಲವಲ್ಲ. ಇರುವಷ್ಟು ದಿನ ಕೆಲಸ ಮಾಡಲಿ ಅಂತಷ್ಟೇ ನಾನು ಕೇಳುವುದು.

ನಾಳೆ ನಮ್ಮ ಕ್ಷೇತ್ರದ ಸದಸ್ಯರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕುತ್ತಿದ್ದೇನೆ. ಭಾಷಣ ಇಲ್ಲ, ಉಪಪ್ರಶ್ನೆಗಳು ಮಾತ್ರ. ಕಡತದ ತಾರೀಖಿನದು ಒಂದು, ಆರ್ಥಿಕ ಇಲಾಖೆಯ ಟಿಪ್ಪಣಿಯದು ಇನ್ನೊಂದು. ಅನುದಾನಿತ ಶಾಲೆಯಲ್ಲಿರುವವರು ನಿಮ್ಮ ಶಾಲೆಯಲ್ಲಿ ಯಾವ ವಿಷಯದ ಹುದ್ದೆ ಯಾವ ವರ್ಷದಿಂದ ಖಾಲಿ ಅಂತ ಕೆಳಗೆ ಬರೆಯಿರಿ, ಅದನ್ನೂ ಸೇರಿಸುತ್ತೇನೆ. ಶಾಲೆಯ ಹೆಸರು ಬೇಡ, ತಾಲ್ಲೂಕು ಸಾಕು. 'ಮೇಷ್ಟ್ರೇ, ನಿಮ್ಮದು ಯಾವ ಪಕ್ಷ?' ಅಂತ ಕೇಳುವವರು ಇನ್‌ಬಾಕ್ಸಿಗೆ ಬರಬೇಡಿ. ಪರಿಶೀಲನೆಯಲ್ಲಿದೆ ಅಂತ ಉತ್ತರ ಕೊಡುತ್ತೇನೆ.