ಕೇಬಲ್ ಎಲ್ಲಿ ತುಂಡಾಗಿದೆ ಎಂದು ಹೇಳಬಲ್ಲವರು

ಕಳೆದ ತಿಂಗಳು ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೊನೆಯ ವರ್ಷದವರಿಗೆ ಮಾಕ್ ಇಂಟರ್‌ವ್ಯೂ ನಡೆಸಲು ಹೋಗಿದ್ದೆ. ಇಂಟರ್‌ನೆಟ್‌ನಲ್ಲಿ ಮಾಹಿತಿ ಸಾಗಿಸುವ ಎರಡು ವಿಧಾನಗಳಾದ ಟಿಸಿಪಿಗೂ ಯುಡಿಪಿಗೂ ಇರುವ ವ್ಯತ್ಯಾಸವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ ಹುಡುಗನಿಗೆ, ಮನೆಯ ವೈ-ಫೈ ನಿಂತರೆ ಮೊದಲು ಏನು ನೋಡುತ್ತೀ ಎಂದು ಕೇಳಿದೆ. ‘ಕಸ್ಟಮರ್ ಕೇರ್‌ಗೆ ಫೋನ್ ಹಚ್ಚತೀನ್ರಿ ಸರ’ ಎಂದ.

ನಮ್ಮ ಭಾಗದ ತಂದೆತಾಯಿಗಳು ಇನ್ನೂ 2021ರ ಭರ್ಜರಿ ನೇಮಕಾತಿಯ ಲೆಕ್ಕದಲ್ಲೇ ಇದ್ದಾರೆ. ಆದರೆ 2023-24ರ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಈ ಮೂರರಲ್ಲೇ ಒಟ್ಟು ಸಿಬ್ಬಂದಿ ಸಂಖ್ಯೆ ಸುಮಾರು 64 ಸಾವಿರದಷ್ಟು ಇಳಿಯಿತು. ಹೊಸಬರನ್ನು ಗುಂಪಾಗಿ ತೆಗೆದುಕೊಂಡು ಟೆಸ್ಟಿಂಗ್, ‘ಟಿಕೆಟ್’ ಎಂದು ದಾಖಲಾದ ದೂರುಗಳನ್ನು ಬಗೆಹರಿಸಿ ಮುಚ್ಚುವಂಥ ಕೆಲಸಗಳಿಗೆ ಹಚ್ಚುತ್ತಿದ್ದ ಪದ್ಧತಿಯೇ ಸಡಿಲವಾಗುತ್ತಿರುವಾಗ, ಬಾಯಿಪಾಠದ ವ್ಯಾಖ್ಯೆಗಳನ್ನು ಕೇಳುವವರು ಯಾರು?

ಅದೇ ವಾರ ಉಣಕಲ್ ಹತ್ತಿರ ನಮ್ಮ ಓಣಿಯ ಇಂಟರ್‌ನೆಟ್ ಕೈಕೊಟ್ಟಿತು. ಐಟಿಐ ಓದಿದ ಹುಡುಗನೊಬ್ಬ ಬೈಕಿನಲ್ಲಿ ಬಂದು, ಡಬ್ಬಿಯಿಂದ ಓಟಿಡಿಆರ್ ಎಂಬ ದೋಷ ಹುಡುಕುವ ಯಂತ್ರ ತೆಗೆದು ಫೈಬರಿಗೆ ಜೋಡಿಸಿ, ಪರದೆಯ ಗೆರೆ ದಿಢೀರನೆ ಕುಸಿದ ಜಾಗವನ್ನು ಬೆರಳಿನಿಂದ ತೋರಿಸಿದ. ‘ಒಂದು ಕಿಲೋಮೀಟರ್ ನಾಲ್ಕನೂರ ಮೀಟರ್‌ಗೆ ಕಟ್ ಆಗೇತ್ರಿ. ಗಟಾರದ ಕೆಲಸ ಅಲ್ಲೇ ನಡದೈತಿ, ನೋಡ್ರಿ.’ ಬೆಳಕು ಮರಳಿ ಬರುವ ವೇಳೆಯಿಂದ ದೂರ ಅಳೆಯುವುದು ಯಂತ್ರ. ಅದನ್ನು ಊರಿನ ಗಟಾರಕ್ಕೆ ತಾಳೆ ಹಾಕಿದ್ದು ಅವನ ತಲೆ. ಆಮೇಲೆ ಧೂಳಿನ ರಸ್ತೆಯ ಬದಿಯಲ್ಲೇ ಕುಳಿತು, 125 ಮೈಕ್ರಾನ್ ದಪ್ಪದ ಗಾಜಿನ ಎಳೆಗಳನ್ನು ಸ್ಪಿರಿಟ್‌ನಿಂದ ಒರೆಸಿ, ತುದಿ ನೇರವಾಗಿ ಕತ್ತರಿಸಿ, ಒಂದೊಂದಾಗಿ ಬೆಸೆದ. ಇಂಥ ಎಳೆಯಲ್ಲಿ ಬೆಳಕು ಹಾಯುವ ನಡುಭಾಗ ಬರೀ 9 ಮೈಕ್ರಾನಿನಷ್ಟು. ಕೂದಲಿಗಿಂತ ಎಷ್ಟೋ ಸಣ್ಣದು.

ಈ ವಿದ್ಯೆ ಮೊದಲು ಟೆಲಿಫೋನ್ ಇಲಾಖೆಯ ಹಿರಿಯರಿಂದ ಕಿರಿಯರಿಗೆ ಇಳಿಯುತ್ತಿತ್ತು. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನಿಂದ 78 ಸಾವಿರಕ್ಕೂ ಹೆಚ್ಚು ಜನ ಸ್ವಯಂ ನಿವೃತ್ತಿ ಪಡೆದು ಹೊರಬಂದಾಗ, ಅವರ ಕೈಯಲ್ಲಿದ್ದ ಅನುಭವವೂ ಅವರೊಂದಿಗೇ ಮನೆಗೆ ಹೋಯಿತು. ಈಗ ಇಂಥ ಕೆಲಸದ ಬಹುಪಾಲು ಗುತ್ತಿಗೆದಾರರದು. ಕೌಶಲ ತರಬೇತಿಯ ಮಾತನಾಡುವವರು ಇಲ್ಲಿಗೆ ಬಂದು ಸುಮ್ಮನಾಗುತ್ತಾರೆ ಎಂಬುದೇ ನನ್ನ ತಕರಾರು. ಕಾಲೇಜಿನ ಪ್ರಯೋಗಾಲಯದಲ್ಲಿ ನೆಟ್‌ವರ್ಕನ್ನು ಬೇಕೆಂದೇ ಕೆಡಿಸಿಟ್ಟು, ದೋಷ ಹುಡುಕಿಸಿ ಅಂಕ ಕೊಡಲಿ, ಅದು ಆಗಲೇಬೇಕು. ಆದರೆ ಫೈಬರ್ ಬೆಸೆದ ಆ ಹುಡುಗನಿಗೆ ಸಿಗುವುದು ಜೋಡಣೆಯೊಂದಕ್ಕೆ ಇಷ್ಟು ಎಂಬ ಕೂಲಿ, ಪಿಎಫ್ ಇಲ್ಲ, ಮಳೆಗಾಲದಲ್ಲಿ ಕಂಬ ಹತ್ತಿ ಬಿದ್ದರೆ ಕೇಳುವವರಿಲ್ಲ. ಇದನ್ನು ಕಂಡ ಯಾವ ತಂದೆ ತನ್ನ ಮಗನಿಗೆ ಇದೇ ಕೆಲಸ ಕಲಿ ಎಂದಾನು?

ಹೊರಡುವಾಗ ಅವನು ಕೇಳಿದ್ದು ಒಂದೇ: ‘ಸರ, ನಿಮ್ಮ ಕಂಪನ್ಯಾಗ ಕಾಯಂ ಕೆಲಸ ಏನರ ಐತೇನ್ರಿ?’ ಪದವಿ ಇಲ್ಲದವರ ಅರ್ಜಿಯನ್ನು ನಮ್ಮ ಪೋರ್ಟಲ್ ತೆಗೆದುಕೊಳ್ಳುವುದೇ ಇಲ್ಲ ಎಂದು ಅವನಿಗೆ ಹೇಳಬೇಕಾಯಿತು.